ಒಂದು ಮಿಲಿಮೀಟರ್ ಜಾಗ

ಫಿಲ್ಮ್ ರೋಲಿನ ಕಾಲದಲ್ಲಿ ನಾನು ತೆಗೆದ ಫೋಟೊಗಳಿಗಿಂತ ತೆಗೆಯದೆ ಬಿಟ್ಟವೇ ಹೆಚ್ಚು. ಒಂದು ರೋಲಿಗೆ 36 ಫ್ರೇಮು. ಸ್ಲೈಡ್ ಫಿಲ್ಮಾದರೆ ಸಾಗರದಂಥ ಊರಲ್ಲಿ ತೊಳೆದುಕೊಡುವವರಿರಲಿಲ್ಲ. ಬೆಂಗಳೂರಿಗೆ ಹೊರಟ ಯಾರನ್ನಾದರೂ ಹಿಡಿದು ರೋಲು ಕೊಟ್ಟು ಕಳಿಸಬೇಕು, ಅವರು ನೆನಪಿಟ್ಟು ಲ್ಯಾಬಿಗೆ ಮುಟ್ಟಿಸಿ, ನೆನಪಿಟ್ಟು ವಾಪಸು ತರಬೇಕು. ಅಷ್ಟು ಹೊತ್ತಿಗೆ ಯಾವ ಹೂವಿಗೆ ಯಾವ ಅಪರ್ಚರ್ ಇಟ್ಟಿದ್ದೆ ಎನ್ನುವುದು ನನಗೇ ಮರೆತುಹೋಗಿರುತ್ತಿತ್ತು. ಬ್ಯಾಂಕ್ ಗುಮಾಸ್ತನ ಸಂಬಳ, ಮನೆಯಲ್ಲಿ ತಂಗಿಯ ಮದುವೆಯ ಮಾತುಕತೆ. ಬಟನ್ ಒತ್ತಲು ಕೈ ಹಿಂದೆಮುಂದೆ ನೋಡುತ್ತಿದ್ದದ್ದು ಸಹಜವೇ.

ಕ್ಯಾಮೆರಾ ಕೊಡಿಸಿದವರು ಪೇಟೆಯ ಸ್ಟುಡಿಯೋದವರು. ಸೆಕೆಂಡ್ ಹ್ಯಾಂಡ್ ಪೆಂಟಾಕ್ಸ್ ಕೆ 1000. ಬೆಳಕು ಅಳೆಯುವ ಮೀಟರೊಂದನ್ನು ಬಿಟ್ಟರೆ ಅದರಲ್ಲಿ ಬ್ಯಾಟರಿಯ ಹಂಗಿನ ಭಾಗವೇ ಇಲ್ಲ. ಆಗ ಮಲೆನಾಡಿನಲ್ಲಿ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ತೋಟ ಸುತ್ತುವವನನ್ನು ಕಂಡರೆ ಜನ ಕೇಳುತ್ತಿದ್ದ ಪ್ರಶ್ನೆ ಒಂದೇ: "ಏನ್ರಿ, ತೇಜಸ್ವಿ ಆಗಕ್ಕೆ ಹೊರಟ್ರಾ?" ಮೂಡಿಗೆರೆಯ ತೋಟದಲ್ಲಿ ಕೂತು ಹಕ್ಕಿಗಳಿಗೆ ಕಾಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರ ಚಿತ್ರಗಳು, ಬರಹಗಳು ನಮ್ಮ ತಲೆಮಾರಿಗೆ ಹಿಡಿಸಿದ ಹುಚ್ಚು ಸಣ್ಣದಲ್ಲ. ಬೆಂಗಳೂರಿನಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತ ರಾವ್ ಅವರಂಥ ಘಟಾನುಘಟಿಗಳಿದ್ದರು. ಅವರ ಹುಲಿ, ಗೂಬೆಗಳನ್ನು ಪತ್ರಿಕೆಗಳಲ್ಲಿ ನೋಡಿ ನಿಟ್ಟುಸಿರು ಬಿಡುವುದಷ್ಟೇ ನಮ್ಮ ಪಾಲು. ಹಕ್ಕಿ ಹಿಡಿಯಲು ಉದ್ದದ ಟೆಲಿ ಲೆನ್ಸು ಬೇಕು, ಅದರ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು.

ದಾರಿ ತೋರಿಸಿದವರೂ ಸ್ಟುಡಿಯೋದವರೇ. "ದೂರದ್ದು ಬೇಡ ಮಾರಾಯ್ರೆ, ಹತ್ತಿರದ್ದು ತೆಗೀರಿ" ಎಂದವರೇ ಕ್ಯಾಮೆರಾದ ಜೊತೆಗೇ ಬಂದಿದ್ದ 50 ಮಿಲಿಮೀಟರ್ ಲೆನ್ಸನ್ನು ಬಿಚ್ಚಿ, ಹಿಂದುಮುಂದು ಮಾಡಿ, ಒಂದು ಅಲ್ಯೂಮಿನಿಯಂ ಬಳೆಯ ಮೂಲಕ ಮತ್ತೆ ಕ್ಯಾಮೆರಾಕ್ಕೆ ಕೂರಿಸಿದರು. ತಿರುಗಿಸಿ ಹಾಕಿದ ಲೆನ್ಸಿಗೆ ದೂರದ್ದು ಏನೂ ಕಾಣುವುದಿಲ್ಲ. ಮೂಗಿನ ಹತ್ತಿರಕ್ಕೆ ಬಂದದ್ದು ಮಾತ್ರ ದೊಡ್ಡದಾಗಿ ಕಾಣುತ್ತದೆ. ಅವರ ಮೇಜಿನ ಮೇಲೆ ಓಡಾಡುತ್ತಿದ್ದ ಒಂದು ಕಟ್ಟಿರುವೆಯನ್ನು ವ್ಯೂಫೈಂಡರಿನಲ್ಲಿ ನೋಡಿದೆ. ಅದರ ಮೀಸೆಯಲ್ಲಿ ಮೊಣಕೈಯಂಥ ಮಡಿಕೆ ಇರುವುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಈ ಏರ್ಪಾಟಿನ ಕಷ್ಟವನ್ನು ಸ್ವಲ್ಪ ವಿವರಿಸಬೇಕು. ನಾನು ಹೇಳಹೊರಟ ವಿಷಯ ಇರುವುದೇ ಆ ಕಷ್ಟದಲ್ಲಿ. ಕೀಟವೊಂದನ್ನು ಫಿಲ್ಮಿನ ಮೇಲೆ ಅದರ ನಿಜಗಾತ್ರದಲ್ಲಿ ಮೂಡಿಸಬೇಕೆಂದರೆ, ಅಪರ್ಚರನ್ನು ಎಫ್ 8ರಷ್ಟು ಕಿರಿದು ಮಾಡಿದರೂ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಅದರ ಆಚೆಗೂ ಮಸುಕು, ಈಚೆಗೂ ಮಸುಕು. ಹತ್ತಿರ ಹೋದಷ್ಟೂ ಬೆಳಕು ಕುಗ್ಗುತ್ತದೆ, ನಿಜಗಾತ್ರದ ಹೊತ್ತಿಗೆ ಫಿಲ್ಮಿಗೆ ತಲುಪುವುದು ಕಾಲುಭಾಗ ಮಾತ್ರ. ಹಾಗಾಗಿ ಶಟರ್ ನಿಧಾನ ಮಾಡಬೇಕು. ನಿಧಾನ ಮಾಡಿದರೆ ಕೈ ನಡುಗಿದ್ದೂ ಚಿತ್ರದಲ್ಲಿ ಬರುತ್ತದೆ, ಎಲೆ ಅಲ್ಲಾಡಿದ್ದೂ ಬರುತ್ತದೆ. ಲೆನ್ಸಿನ ಫೋಕಸ್ ಉಂಗುರ ತಿರುಗಿಸಿ ಪ್ರಯೋಜನವಿಲ್ಲ. ಮಂಡಿಯೂರಿ, ಮೊಣಕೈ ತೊಡೆಗೆ ಒತ್ತಿ, ಇಡೀ ಮೈಯನ್ನೇ ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ತೂಗಬೇಕು.

ಹಾಗೆ ತೂಗುವಾಗ ಗೊತ್ತಾಗುತ್ತದೆ, ಉಸಿರಾಡುವ ಮನುಷ್ಯ ಸುಮ್ಮನೆ ಕೂತಿರುವುದೇ ಇಲ್ಲ. ಉಸಿರು ಎಳೆದರೆ ಹುಳದ ಕಣ್ಣು ಮಸುಕಾಗಿ ಬೆನ್ನು ಸ್ಪಷ್ಟವಾಗುತ್ತದೆ. ಬಿಟ್ಟರೆ ಬೆನ್ನು ಹೋಗಿ ಕಣ್ಣು ಬರುತ್ತದೆ. ಹಿಡಿದುಕೊಂಡರೆ ಎದೆಬಡಿತವೇ ಚಿತ್ರವನ್ನು ಅಲ್ಲಾಡಿಸುತ್ತದೆ. ಉಸಿರು ಪೂರ್ತಿ ಹೊರಗೆ ಹೋಗಿ, ಮತ್ತೆ ಒಳಗೆ ಬರುವ ಮೊದಲು ಒಂದು ಸಣ್ಣ ಬಿಡುವು ಇದೆ. ಬಂದೂಕು ಹಿಡಿಯುವವರಿಗೆ ಅದು ಗೊತ್ತು. ಬಟನ್ ಒತ್ತಬೇಕಾದದ್ದು ಅಲ್ಲಿ. ಆ ಹೊತ್ತಿಗೆ ಸರಿಯಾಗಿ ಗಾಳಿಯೂ ನಿಂತಿರಬೇಕು.

ನನ್ನ ಜೊತೆ ಕೌಂಟರಿನಲ್ಲಿ ಕೂರುತ್ತಿದ್ದವರೊಬ್ಬರು ಅದೇ ಕಾಲಕ್ಕೆ ವಿಪಶ್ಯನದ ಹತ್ತು ದಿನದ ಮೌನ ಶಿಬಿರಕ್ಕೆ ಹೋಗಿಬಂದರು. ಮೂಗಿನ ಹೊಳ್ಳೆಯ ಹತ್ತಿರ ಉಸಿರು ಒಳಹೋಗುವುದನ್ನೂ ಹೊರಬರುವುದನ್ನೂ ಗಮನಿಸುತ್ತಾ ಕೂರುವುದೇ ಅಲ್ಲಿ ಮೊದಲ ಪಾಠವಂತೆ. ಬಂದವರು ನನಗೂ ಕಲಿಸಿದರು. ನನಗೆ ಎರಡೇ ಆಗುತ್ತಿತ್ತು: ಒಂದೋ ನಿದ್ದೆ, ಇಲ್ಲವೇ ಹಿಂದಿನ ದಿನ ಟ್ಯಾಲಿ ಆಗದ ಲೆಡ್ಜರು. ಕಣ್ಣು ಮುಚ್ಚಿದ ಕೂಡಲೇ ಅಂಕಿಗಳ ಮೆರವಣಿಗೆ ಶುರು. ಅದೇ ನಾನು ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಮಂಡಿಯೂರಿದರೆ ಬಿಸಿಲು ಬೆನ್ನು ಸುಡುವವರೆಗೆ ಲೆಡ್ಜರಿನ ನೆನಪೇ ಬರುತ್ತಿರಲಿಲ್ಲ. ಉಸಿರನ್ನೇ ಗಮನಿಸುತ್ತಿದ್ದೆ ನಿಜ, ಆದರೆ ನೆಮ್ಮದಿ ಬೇಕು ಅಂತ ಅಲ್ಲ, ಫ್ರೇಮು ಹಾಳಾಗಬಾರದು ಅಂತ.

ನಮ್ಮ ಹಿತ್ತಲಲ್ಲಿ ಬಾವಿಕಟ್ಟೆಯ ಪಕ್ಕ ಒಂದು ಕರಿಬೇವಿನ ಗಿಡವಿತ್ತು. ಅಮ್ಮ ದಿನಾ ಪಾತ್ರೆ ತೊಳೆದ ನೀರು ಹಾಕಿ ಬೆಳೆಸಿದ್ದು. ಅದರ ಎಳೆ ಚಿಗುರಿನ ಮೇಲೆ ಸಾಸಿವೆಗಿಂತ ಚಿಕ್ಕದಾದ, ತಿಳಿಹಳದಿಯ ಒಂದು ಗುಂಡು ಮೊಟ್ಟೆ ಕಂಡಿತು. ಕೀಟಗಳ ಪುಸ್ತಕ ಹುಡುಕಿದರೆ ಸಾಗರದಲ್ಲಿ ಸಿಗುವಂತಿರಲಿಲ್ಲ. ನೋಡುವುದೊಂದೇ ದಾರಿ.

ಮೊಟ್ಟೆ ಒಡೆದು ಬಂದ ಮರಿ ಮೊದಲು ತಿಂದದ್ದು ಎಲೆಯನ್ನಲ್ಲ, ಮೊಟ್ಟೆಯ ಚಿಪ್ಪನ್ನು. ಆಮೇಲೆ ಎಲೆಯ ಅಂಚು. ಕಂದು ಮೈ, ನಡುವೆ ಬಿಳಿ ಪಟ್ಟೆ, ಒದ್ದೆ ಹೊಳಪು. ಯಾವುದೋ ಹಕ್ಕಿ ಹಾರುತ್ತಾ ಹಿಕ್ಕೆ ಹಾಕಿಹೋಗಿದೆ ಅಂತಲೇ ಯಾರೂ ತಿಳಿಯಬೇಕು. ಹಕ್ಕಿಗಳೂ ಹಾಗೇ ತಿಳಿದು ಬಿಟ್ಟುಬಿಡುತ್ತವೆ, ಮರಿ ಬದುಕಿಕೊಳ್ಳುವುದು ಅದರಿಂದಲೇ. ಒಂದು ದಿನ ಅದು ತಿನ್ನುವುದನ್ನು ನಿಲ್ಲಿಸಿ ಎಲೆಯ ಮೇಲೆ ಅಲ್ಲಾಡದೆ ಕೂತಿತು. ಸತ್ತೇಹೋಯಿತು ಅಂದುಕೊಂಡೆ. ಲೆನ್ಸಿನಲ್ಲಿ ನೋಡಿದರೆ ತಲೆಯ ಹಿಂದೆ, ಕತ್ತಿನ ಚರ್ಮದ ಒಳಗೆ, ಇನ್ನೊಂದು ದೊಡ್ಡ ತಲೆ ತಯಾರಾಗುತ್ತಿತ್ತು. ಮಾರನೆಯ ಬೆಳಿಗ್ಗೆ ಹಳೆಯ ತಲೆಯ ಚಿಪ್ಪು ಮುಖವಾಡದ ಹಾಗೆ ಕಳಚಿ ಬಿತ್ತು. ಮೈಯ ಚರ್ಮ ಬಾಲದ ಕಡೆಗೆ ಸುಕ್ಕುಸುಕ್ಕಾಗಿ ಸರಿಯಿತು. ಹೊಸ ಹುಳ ಹಿಂದಿರುಗಿ ತನ್ನ ಹಳೆಯ ಚರ್ಮವನ್ನೇ ತಿಂದಿತು. ಹೀಗೆ ಚರ್ಮ ಬಿಡುತ್ತಾ ಬಿಡುತ್ತಾ ಕೊನೆಯ ಸಲಕ್ಕೆ ಹಕ್ಕಿ ಹಿಕ್ಕೆಯ ಬಣ್ಣ ಹೋಗಿ ಕರಿಬೇವಿನ ಎಲೆಯದೇ ಹಸಿರು ಬಂತು. ಅಷ್ಟು ದೊಡ್ಡ ಹಿಕ್ಕೆ ಹಾಕುವ ಹಕ್ಕಿ ನಮ್ಮ ಹಿತ್ತಲಿಗೆ ಬರುವುದೂ ಇಲ್ಲ ಬಿಡಿ.

ಲೆನ್ಸು ತೀರಾ ಹತ್ತಿರ ಹೋಗಿ ಎಲೆಗೆ ತಾಗಿದಾಗ ಹುಳ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಚಿಮ್ಮಿಸಿತು. ಜೊತೆಗೇ ಕೊಳೆತ ನಿಂಬೆಹಣ್ಣಿನಂಥ ಘಾಟು. ಕೊಂಬು ಮೆಲ್ಲಗೆ ಒಳಗೆ ಸೇರಿಕೊಂಡಿತು. ಅದರ ಫೋಟೊ ಸಿಗಲಿಲ್ಲ. ಆಮೇಲೂ ಎಲೆ ತಟ್ಟಿ ಕೊಂಬು ಹೊರಡಿಸಬಹುದಿತ್ತು, ಆದರೆ ಹುಳಕ್ಕೆ ಅದು ಪ್ರಾಣಭಯ, ನನಗೆ ಒಂದು ಫ್ರೇಮು. ಮನಸ್ಸಾಗಲಿಲ್ಲ.

ಅಮ್ಮನಿಗೆ ಈ ವೈಭವ ಯಾವುದೂ ಕಾಣುತ್ತಿರಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ಬೋಳಾಗುತ್ತಿದ್ದ ಗಿಡ. "ಅಲ್ವೋ, ಒಗ್ಗರಣೆಗೆ ಒಂದೆಸಳು ಸೊಪ್ಪಿಲ್ಲ, ನೀನು ಹುಳ ಕಾಯ್ತಾ ಕೂತಿದೀಯ? ಒಂದು ಮುಷ್ಟಿ ಬೂದಿ ಹಾಕಿದ್ರೆ ಮುಗೀತಿತ್ತು." ಕೊನೆಗೆ ಒಪ್ಪಂದವಾಯಿತು. ಬಾವಿಯ ಕಡೆಯ ಕೊಂಬೆಗಳು ಹುಳಕ್ಕೆ, ಅಡಿಗೆಮನೆಯ ಕಡೆಯವು ಅವಳಿಗೆ. ಹುಳ ಒಪ್ಪಂದ ಮೀರಿ ಈಚೆಗೆ ಬಂದರೆ ಅವಳೇ ಎಲೆಸಮೇತ ಎತ್ತಿ ಆಚೆ ದಾಟಿಸುತ್ತಿದ್ದಳು, ಬೈಯುತ್ತಲೇ.

ಅದು ನಿಂಬೆ ಚಿಟ್ಟೆಯ ಹುಳ. ಒಂದು ಸಂಜೆ ಅದು ಹೊಟ್ಟೆಯಲ್ಲಿದ್ದುದನ್ನೆಲ್ಲ ಖಾಲಿ ಮಾಡಿ, ಕಡ್ಡಿಯೊಂದನ್ನು ಹತ್ತಿ, ಬಾಲದ ತುದಿಗೆ ರೇಷ್ಮೆಯ ಮೆತ್ತೆ ಮಾಡಿಕೊಂಡಿತು. ನಡುವಿಗೆ ಒಂದು ನೂಲಿನ ಕುಣಿಕೆ ನೇಯ್ದು, ಅದರೊಳಗೆ ತಲೆ ತೂರಿಸಿ ಒರಗಿಕೊಂಡಿತು. ತೆಂಗಿನ ಮರ ಹತ್ತುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಿಂದಕ್ಕೆ ಬಾಗುವುದಿಲ್ಲವೇ, ಥೇಟ್ ಹಾಗೆ. ಆ ಕೋಶ ಒಡೆಯುವ ಬೆಳಗ್ಗಿಗಾಗಿ ಕಾದಿದ್ದೇ ಕಾದದ್ದು. ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ. ಚಿಟ್ಟೆ ಬರಲೇ ಇಲ್ಲ. ಕೋಶದ ಪಕ್ಕೆಯಲ್ಲಿ ಸೂಜಿಯಿಂದ ಚುಚ್ಚಿದಂಥ ತೂತು ಬಿದ್ದು, ಅದರಿಂದ ಒಂದರ ಹಿಂದೊಂದು ಸೊಳ್ಳೆಗಿಂತ ಸಣ್ಣ ಕಣಜಗಳು ಹೊರಬಂದವು. ಹಸಿರು ಲೋಹದ ಹೊಳಪಿನ ಮೈ. ಹುಳ ಕೋಶವಾಗುವ ಹೊತ್ತಿಗೆ ಯಾವಾಗಲೋ ತಾಯಿಕಣಜ ಬಂದು ಅದರೊಳಗೆ ಮೊಟ್ಟೆ ಇಟ್ಟುಹೋಗಿತ್ತು. ಅದರ ಮರಿಗಳು ಚಿಟ್ಟೆಯನ್ನು ಒಳಗಿನಿಂದಲೇ ತಿಂದು ಮುಗಿಸಿದ್ದವು.

ಮೊದಲು ಬೇಜಾರಾಯಿತು. ಆಮೇಲೆ ಉಳಿದ ಫ್ರೇಮುಗಳನ್ನೆಲ್ಲ ಆ ಕಣಜಗಳಿಗೇ ಖರ್ಚು ಮಾಡಿದೆ. ಪ್ರಕೃತಿಯಲ್ಲಿ ಶಾಂತಿ ಇದೆ, ಸಾಮರಸ್ಯ ಇದೆ ಎಂದು ವೇದಿಕೆ ಮೇಲೆ ಹೇಳುವವರನ್ನು ಕಂಡರೆ ನನಗೆ ಈಗಲೂ ಆ ತೂತು ನೆನಪಾಗುತ್ತದೆ. ಕರಿಬೇವಿನ ಗಿಡದಲ್ಲಿ ನಾನು ಕಂಡದ್ದು ಹಸಿವು, ವೇಷ, ಮೋಸ, ಅಪಾರ ತಾಳ್ಮೆ. ಮನಸ್ಸು ಹಗುರಾದದ್ದು ನಿಜ. ಅದಕ್ಕೆ ಕಾರಣ ಅಲ್ಲಿ ಶಾಂತಿ ಇದ್ದದ್ದಲ್ಲ, ನನ್ನನ್ನು ಬಿಟ್ಟು ಬೇರೆ ಏನೋ ಒಂದು ಅಷ್ಟು ಜೋರಾಗಿ ನಡೆಯುತ್ತಿದ್ದದ್ದು.

ವೇಷದ ಮಾತು ಬಂದದ್ದಕ್ಕೆ ಇನ್ನೊಂದು. ಮನೆ ಹಿಂದಿನ ಮಾವಿನ ಮರದಲ್ಲಿ ಚಗಳಿ ಇರುವೆಗಳು ಎಲೆಗಳನ್ನು ಸೇರಿಸಿ ಚೆಂಡಿನಂಥ ಗೂಡು ಕಟ್ಟುತ್ತವೆ. ಮಲೆನಾಡಿನಲ್ಲಿ ಚಟ್ನಿ ಮಾಡುವುದು ಇವುಗಳದೇ. ಒಂದಷ್ಟು ಇರುವೆಗಳು ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಕಚ್ಚಿ ಹತ್ತಿರಕ್ಕೆ ಎಳೆದು ಹಿಡಿಯುತ್ತವೆ. ಬೇರೆ ಇರುವೆಗಳು ಒಳಗಿನಿಂದ ತಮ್ಮದೇ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ತಂದು, ಈ ಅಂಚಿಗೂ ಆ ಅಂಚಿಗೂ ಮುಟ್ಟಿಸುತ್ತಾ ಹೋಗುತ್ತವೆ. ಮರಿಯ ಬಾಯಿಂದ ಹೊರಡುವ ರೇಷ್ಮೆಯೇ ಹೊಲಿಗೆ. ಇದನ್ನು ನೋಡುತ್ತಾ, ಕೈಮೇಲೆಲ್ಲ ಕಚ್ಚಿಸಿಕೊಳ್ಳುತ್ತಾ ಇದ್ದಾಗ ಗುಂಪಿನಿಂದ ಸ್ವಲ್ಪ ದೂರ ಒಂದು ಇರುವೆ ತನ್ನ ಪಾಡಿಗೆ ತಾನು ಓಡಾಡುತ್ತಿರುವುದು ಕಂಡಿತು. ಅದೇ ಕೆಂಪು, ಅದೇ ಸಪೂರ ಸೊಂಟ. ಬೇರೆಯವು ಹತ್ತಿರ ಬಂದರೆ ಮಾತ್ರ ಜಾಗ ಬಿಟ್ಟು ಸರಿಯುತ್ತಿತ್ತು. ಬೆರಳು ಹತ್ತಿರ ತಂದೆ. ಚಗಳಿಯಾಗಿದ್ದರೆ ಎದ್ದು ನಿಂತು ಕಚ್ಚಬೇಕು. ಇದು ಎಲೆಯಿಂದ ಧುಮುಕಿ ನೂಲೊಂದರಲ್ಲಿ ತೂಗಾಡಿತು.

ಇರುವೆಗೆ ನೂಲೆಲ್ಲಿಂದ ಬರಬೇಕು? ಲೆನ್ಸಿನಲ್ಲಿ ಕಾಲು ಎಣಿಸಿದೆ, ಎಂಟು. ಮುಂದಿನ ಎರಡನ್ನು ಗಾಳಿಯಲ್ಲಿ ಎತ್ತಿ ಮೀಸೆಯ ಹಾಗೆ ಆಡಿಸುತ್ತಿತ್ತು. ತಲೆಯ ಎರಡೂ ಬದಿಗೆ ಇರುವೆಯ ಕಣ್ಣಿನಂಥ ಕಪ್ಪು ಮಚ್ಚೆ. ನಿಜವಾದ ಕಣ್ಣುಗಳೂ ಎಂಟು, ಮುಂದಿನ ಎರಡು ದೊಡ್ಡವು ನನ್ನನ್ನೇ ನೋಡುತ್ತಿದ್ದವು. ಇರುವೆಯ ವೇಷ ತೊಟ್ಟ ಜಿಗಿಯುವ ಜೇಡ. ಅದರ ಗಂಡಿಗೆ ಬಾಯ ಮುಂದೆ ಉದ್ದನೆಯ ದವಡೆಗಳಿರುತ್ತವೆ, ನೋಡಿದರೆ ಇರುವೆಯೊಂದು ಇನ್ನೊಂದು ಇರುವೆಯನ್ನು ಕಚ್ಚಿಕೊಂಡು ಹೋಗುತ್ತಿರುವ ಹಾಗಿರುತ್ತದೆ ಎನ್ನುವುದನ್ನು ಎಷ್ಟೋ ಕಾಲದ ಮೇಲೆ ಓದಿದೆ. ಇದೆಲ್ಲ ಇದ್ದದ್ದು ನಾನು ಚಿಕ್ಕಂದಿನಿಂದ ಕಲ್ಲು ಹೊಡೆದು ಕಾಯಿ ಬೀಳಿಸುತ್ತಿದ್ದ ಮರದಲ್ಲೇ.

ಈಚೆಗೆ ಆಸ್ಪತ್ರೆಗಳಲ್ಲೂ ಕಂಪನಿಗಳಲ್ಲೂ ಮೈಂಡ್‌ಫುಲ್‌ನೆಸ್ ಎನ್ನುವ ಮಾತು ಧಾರಾಳವಾಗಿ ಓಡಾಡುತ್ತಿದೆ. ಬೌದ್ಧರ ಅಭ್ಯಾಸವನ್ನು ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿಗೆ ತಂದು, ಧರ್ಮದ ಸೋಂಕು ಕಳಚಿ, ರೋಗಿಗಳಿಗೆ ಕಲಿಸಲು ಶುರುಮಾಡಿದರು. ಅಲ್ಲಿಂದ ಅದು ಲೋಕ ಸುತ್ತಿ ಈಗ ಮೊಬೈಲ್ ಆ್ಯಪ್ ಆಗಿ ಬುದ್ಧನ ನಾಡಿಗೇ ವಾಪಸಾಗಿದೆ. ಪ್ರಯೋಜನವಾದವರನ್ನು ಕಂಡಿದ್ದೇನೆ, ಗೇಲಿ ಮಾಡಲಾರೆ. ನನ್ನಂಥವರದು ಬೇರೆ ಜಾತಿ ಅಷ್ಟೇ. ನಮ್ಮ ಮನಸ್ಸಿಗೆ ಸುಮ್ಮನಿರು ಎಂದರೆ ಇರುವುದಿಲ್ಲ, ಕೆಲಸ ಕೊಟ್ಟರೆ ತೆಪ್ಪಗಿರುತ್ತದೆ.

ಕ್ಯಾಮೆರಾ ಹಿಡಿದವರೆಲ್ಲ ಗಮನವಿಟ್ಟು ನೋಡುತ್ತಾರೆ ಎಂದೇನೂ ಇಲ್ಲ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ಒಂದು ಮ್ಯೂಸಿಯಮ್ಮಿನಲ್ಲಿ ಮಾಡಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳನ್ನು ಮ್ಯೂಸಿಯಮ್ಮಿನಲ್ಲಿ ಸುತ್ತಾಡಿಸಿ, ಕೆಲವು ವಸ್ತುಗಳ ಫೋಟೊ ತೆಗೆಯಿರಿ, ಕೆಲವನ್ನು ಬರೀ ನೋಡಿ ಎಂದು ಹೇಳಿದರು. ಮಾರನೆಯ ದಿನ ವಿಚಾರಿಸಿದರೆ, ಫೋಟೊ ತೆಗೆದ ವಸ್ತುಗಳೇ ಅವರಿಗೆ ಕಡಿಮೆ ನೆನಪಿದ್ದವು. ನೆನಪಿಟ್ಟುಕೊಳ್ಳುವ ಕೆಲಸವನ್ನು ಮನಸ್ಸು ಕ್ಯಾಮೆರಾಕ್ಕೆ ಒಪ್ಪಿಸಿ ಕೈ ತೊಳೆದುಕೊಂಡಿತ್ತು. ಆದರೆ ಅದೇ ಪ್ರಯೋಗದ ಇನ್ನೊಂದು ಭಾಗದಲ್ಲಿ, ಜೂಮ್ ಮಾಡಿ ವಸ್ತುವಿನ ಒಂದೇ ಭಾಗವನ್ನು ತೆಗೆದವರ ನೆನಪಿಗೆ ಈ ಪೆಟ್ಟು ಬೀಳಲಿಲ್ಲ. ಜೂಮ್‌ನಲ್ಲಿ ಬಿಟ್ಟುಹೋದ ಭಾಗಗಳೂ ಅವರಿಗೆ ನೆನಪಿದ್ದವು. ಇದನ್ನು ಓದಿದಾಗ ನನಗೆ ಅಚ್ಚರಿಯೇನೂ ಆಗಲಿಲ್ಲ.

ಕ್ಯಾಮೆರಾ ಇಲ್ಲದೆಯೂ ಈ ಕೆಲಸ ನಡೆಯುತ್ತದೆ ಎನ್ನುವುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರಿಗಿಂತ ಬೇರೆ ಸಾಕ್ಷಿ ಬೇಡ. ನಮ್ಮ ಕಿಟಕಿ, ಸೂರುಗಳಲ್ಲಿ ಕಾಗದದಂಥ ಸಣ್ಣ ಗೂಡು ಕಟ್ಟುವ ಕಣಜಗಳನ್ನು ಅವರು, ಅವರ ವಿದ್ಯಾರ್ಥಿಗಳು ದಶಕಗಳ ಕಾಲ ನೋಡಿದ್ದಾರೆ. ಪ್ರತಿ ಕಣಜದ ಮೈಮೇಲೆ ಬಣ್ಣದ ಚುಕ್ಕಿ ಇಟ್ಟು ಗುರುತು ಮಾಡಿ, ಯಾವುದು ಯಾವುದಕ್ಕೆ ಏನು ಮಾಡಿತು ಎಂದು ಬರೆದುಕೊಳ್ಳುತ್ತಾ ಕೂತವರು ಅವರು. ಆ ಗೂಡಿನ ರಾಣಿ ಜಗಳಗಂಟಿಯಲ್ಲ, ತೀರಾ ಸಾಧು. ಅವಳನ್ನು ತೆಗೆದರೆ ಮಾತ್ರ ಕೆಲಸಗಾರ್ತಿಯರಲ್ಲೇ ಒಬ್ಬಳು ಕೂಡಲೇ ಉಗ್ರಳಾಗಿ ಎದ್ದು ಮುಂದಿನ ರಾಣಿಯಾಗುವ ಸೂಚನೆ ಕೊಡುತ್ತಾಳೆ. ಅಂಥ ಗೂಡನ್ನು ನಾವೆಲ್ಲ ಪೊರಕೆಯಿಂದ ಗುಡಿಸಿದವರೇ.

ಈಗಿನ ಕ್ಯಾಮೆರಾಗಳು ಸೆಕೆಂಡಿಗೆ 20 ಫ್ರೇಮು ತೆಗೆಯುತ್ತವೆ. ಫೋಕಸ್ಸನ್ನು ತಾವೇ ಹುಡುಕಿಕೊಳ್ಳುತ್ತವೆ, ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ ಹುಳವನ್ನು ಮೀಸೆಯಿಂದ ಬಾಲದವರೆಗೆ ಸ್ಪಷ್ಟ ಮಾಡುತ್ತವೆ. ನನಗೆ ಅದರ ಮೇಲೆ ಸಿಟ್ಟಿಲ್ಲ. ನಿವೃತ್ತಿಯ ಹಣದಲ್ಲಿ ನಾನೂ ಒಂದು ಕೊಂಡೆ. ಆದರೆ ಅದರ ಜೊತೆ ಬಂದ ಕೆಲವು ಚಾಳಿಗಳು ಅಸಹ್ಯ. ಹುಳ ಓಡದಿರಲಿ ಎಂದು ಫ್ರಿಜ್ಜಿನಲ್ಲಿಟ್ಟು ತಂದು ಹೂವಿನ ಮೇಲೆ ಕೂರಿಸುವುದು, ಸ್ಪ್ರೇ ಬಾಟಲಿಯಲ್ಲಿ ಇಬ್ಬನಿ ಎರಚುವುದು, ಹಕ್ಕಿ ಗೂಡಿನ ಮುಂದಿನ ಕೊಂಬೆ ಸವರಿ ಫೋಟೊ ತೆಗೆದು ಮರಿಗಳನ್ನು ಬಿಸಿಲಿಗೂ ಕಾಗೆಗೂ ಒಡ್ಡಿ ಹೋಗುವುದು. ಗೂಡಿನ ಫೋಟೊಗಳನ್ನು ಈಗ ಎಷ್ಟೋ ಸ್ಪರ್ಧೆಗಳವರು, ಪತ್ರಿಕೆಯವರು ತೆಗೆದುಕೊಳ್ಳುವುದಿಲ್ಲ, ಅದು ಸರಿ. ಫ್ರಿಜ್ಜಿನಿಂದ ಬಂದ ಹುಳದ ಚಿತ್ರ ಎಷ್ಟೇ ಚೆಂದವಿರಲಿ, ಅದನ್ನು ತೆಗೆದವನು ಹುಳವನ್ನು ನೋಡಿಲ್ಲ ಎಂದೇ ನನ್ನ ಲೆಕ್ಕ.

ನನ್ನ ಹಳೆಯ ಸ್ಲೈಡುಗಳಿಗೆ ಮಲೆನಾಡಿನ ಮಳೆಗಾಲ ಬೂಸಲು ಹಿಡಿಸಿದೆ. ಉಳಿದಿರುವುದು ನೋಟ್ ಪುಸ್ತಕಗಳು. ಯಾವ ಫ್ರೇಮಿಗೆ ಯಾವ ಅಪರ್ಚರ್ ಎಂದು ಮರೆಯದಿರಲು ಬರೆಯತೊಡಗಿದ್ದು, ಬರುಬರುತ್ತಾ ಅಪರ್ಚರ್ ಬಿಟ್ಟು ಬರೀ ಹುಳದ ಸಮಾಚಾರ ಆಯಿತು. ಎಷ್ಟು ಹೊತ್ತಿಗೆ, ಎಲೆಯ ಯಾವ ಬದಿ, ಏನು ತಿಂತು, ಯಾರು ಬಂದು ಅದನ್ನು ತಿಂದರು. ತಿರುವಿಹಾಕಿದರೆ ಆಯಾ ಬೆಳಗಿನ ಗಾಳಿಯೂ ನೆನಪಿಗೆ ಬರುತ್ತದೆ. ಸ್ಲೈಡುಗಳು ಚೆನ್ನಾಗಿದ್ದಾಗಲೂ ಅಷ್ಟು ಬರುತ್ತಿರಲಿಲ್ಲ.

ಯಾರಾದರೂ ಶುರುಮಾಡುವುದಿದ್ದರೆ ಲೆನ್ಸು ಕೊಳ್ಳಲು ಓಡಬೇಡಿ, ಕೈಲಿರುವ ಮೊಬೈಲು ಸಾಕು. ಮಳೆ ಹಿಂದಾದ ಮೇಲಿನ ಅಕ್ಟೋಬರ್, ನವೆಂಬರಿನ ಬೆಳಗು ಒಳ್ಳೆಯದು. ಬಿಸಿಲು ತಾಗುವವರೆಗೆ ಕೀಟಗಳ ಮೈ ತಣ್ಣಗಿದ್ದು ಹಾರಿಹೋಗುವುದಿಲ್ಲ. ಕಾಡಿಗೇ ಹೋಗಬೇಕೆಂದಿಲ್ಲ, ಬಾಲ್ಕನಿಯ ಕುಂಡದಲ್ಲಿರುವ ನಿಂಬೆಗಿಡವೂ ಆಗುತ್ತದೆ. ಒಂದೇ ಗಿಡ ಇಟ್ಟುಕೊಳ್ಳಿ, ಬದಲಾಯಿಸಬೇಡಿ. ಎಲೆಯ ಅಡಿಭಾಗ ನೋಡುವುದನ್ನು ಮರೆಯಬೇಡಿ. ಆ ಗಿಡಕ್ಕೆ ಮಾತ್ರ ದಯವಿಟ್ಟು ಔಷಧಿ ಹೊಡೆಯಬೇಡಿ.